ಸಿಲಿಂಡರ್ ಎತ್ತುವ ಮೊದಲು

ಎಸಿ ಮತ್ತು ಹೀಟ್ ಪಂಪ್ ದುರಸ್ತಿಯ ತರಬೇತಿಗೆ ಸೇರಿದಾಗ, ಈ ಕೆಲಸವೆಂದರೆ ಗ್ಯಾಸ್ ತುಂಬುವುದು ಎಂದೇ ನಾನು ತಿಳಿದಿದ್ದೆ. ಆದರೆ ಎರಡು ತಿಂಗಳು ಸಿಲಿಂಡರನ್ನು ಮುಟ್ಟಲೂ ಬಿಡಲಿಲ್ಲ. ತಾಮ್ರದ ಪೈಪ್ ಕತ್ತರಿಸುವುದು, ಅಂಚು ಕೆರೆಯುವುದು, ಬಾಯಿ ಅಗಲಿಸಿ ಫ್ಲೇರ್ ಮಾಡುವುದು, ಸರಿಬಾರದಿದ್ದರೆ ಕತ್ತರಿಸಿ ಮತ್ತೆ ಮೊದಲಿನಿಂದ. ಒಮ್ಮೆ, ನೈಟ್ರೋಜನ್ ಹಾಯಿಸದೆ ನಾನು ಬೆಸೆದ ಪೈಪನ್ನು ತರಬೇತುದಾರರು ಉದ್ದಕ್ಕೆ ಸೀಳಿ ತೋರಿಸಿದರು. ಹೊರಗಿನ ಬೆಸುಗೆ ಅಚ್ಚುಕಟ್ಟಾಗಿತ್ತು. ಒಳಗೆಲ್ಲ, ಗಾಳಿ ತಾಗಿ ಕಾದ ತಾಮ್ರದ ಕಪ್ಪು ಹೊಪ್ಪಳೆ. ಅದು ಉದುರಿ, ದ್ರವದ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಿಂಡಿಯನ್ನು ಕಟ್ಟುತ್ತದೆ.

ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೀರಿ ತೆಗೆದು ವ್ಯಾಕ್ಯೂಮ್ ಮಾಡುವುದು ನನ್ನ ತಾಳ್ಮೆಯನ್ನು ಪರೀಕ್ಷಿಸಿತು. ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ (ವ್ಯಾಕ್ಯೂಮ್ ಅಳೆಯುವ ಮಾನ) ಕೆಳಗೆ ಇಳಿಸಿ, ಪಂಪಿನ ಕಡೆಯ ವಾಲ್ವ್ ಮುಚ್ಚಿ ಕಾಯಬೇಕು. ಅಂಕಿ ಏರಿ ಒಂದೆಡೆ ನಿಂತರೆ ಒಳಗೆ ತೇವವಿದೆ; ಏರುತ್ತಲೇ ಹೋದರೆ ಸೋರಿಕೆ. ಇದಕ್ಕೆ ಹಿಡಿಯುವಷ್ಟು ಸಮಯವನ್ನು ಕೊಡಲೇಬೇಕು ಎಂದು ಈಗಲೂ ಹಟ ಹಿಡಿಯುತ್ತೇನೆ.

ವಿದ್ಯುತ್ ಪಾಠದಲ್ಲಿ ಮೊದಲು ಕಲಿತದ್ದು, ಸ್ವಿಚ್ ಆರಿಸಿದ ಮೇಲೂ ವಿದ್ಯುತ್ ಕೂಡಿಡುವ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ ಎಂಬುದನ್ನು.

ನನ್ನ ಕಣ್ಣು ತೆರೆಸಿದ್ದು ಮಾತ್ರ ಸರಿಯಾಗಿ ತಂಪು ಕೊಡದ ಒಂದು ಎಸಿ. ಆರ್-410ಎ ಎಂಬ ತಂಪುಕಾರಕ ಗ್ಯಾಸ್ ತುಂಬಿದ ಯಂತ್ರ. ಕಂಪ್ರೆಸರ್ ಗ್ಯಾಸನ್ನು ಹೀರುವ ಕಡೆಯ ಒತ್ತಡ 118 ಪಿಎಸ್‌ಐ ಆಸುಪಾಸಿನಲ್ಲಿ ಇರಬೇಕಿತ್ತು. ಗೇಜ್ 90 ತೋರಿಸಿತು. 'ಗ್ಯಾಸ್ ಕಡಿಮೆಯಾಗಿದೆ ಸರ್' ಎಂದು ಸಿಲಿಂಡರ್ ಎತ್ತಿಕೊಂಡೆ. 'ಪೈಪಿನ ಉಷ್ಣತೆ ನೋಡಿದೆಯಾ?' ಎಂದರು ತರಬೇತುದಾರರು. ನೋಡಿರಲಿಲ್ಲ.

90 ಪಿಎಸ್‌ಐಯಲ್ಲಿ ಆ ಗ್ಯಾಸ್ ಸುಮಾರು ಮೈನಸ್ 3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಹೀರುವ ಕಡೆಯ ಪೈಪ್ ಮೈನಸ್ 2 ಇತ್ತು. ಈ ವ್ಯತ್ಯಾಸವೇ ಸೂಪರ್‌ಹೀಟ್. ಇಲ್ಲಿ ಅದು ಒಂದೇ ಡಿಗ್ರಿ. ಗ್ಯಾಸ್ ಕಡಿಮೆಯಿದ್ದಿದ್ದರೆ ದ್ರವ ಕೋಣೆಯ ಗಾಳಿಯನ್ನು ತಂಪಾಗಿಸುವ ಕಾಯಿಲಿನ ಅರ್ಧ ದಾರಿಯಲ್ಲೇ ಆವಿಯಾಗಿ ಮುಗಿದು, ಉಳಿದ ದಾರಿಯಲ್ಲಿ ಆ ಆವಿ ಇನ್ನಷ್ಟು ಬಿಸಿಯಾಗಿ, ವ್ಯತ್ಯಾಸ ದೊಡ್ಡದಾಗಿರುತ್ತಿತ್ತು. ಇಲ್ಲಿ ದ್ರವಕ್ಕೆ ಆವಿಯಾಗಲು ಬೇಕಾದ ಶಾಖವೇ ಸಿಗುತ್ತಿರಲಿಲ್ಲ. ಮುಚ್ಚಳ ತೆಗೆದೆ. ಫಿಲ್ಟರಿನ ಮೇಲೆ ಕಂಬಳಿ ಹೊದಿಸಿದಂತೆ ದೂಳು; ಗಾಳಿ ಹಾಯದೆ ಹಿಂದಿನ ಕಾಯಿಲಿನ ತುಂಬ ಮಂಜುಗಡ್ಡೆ. ನಾನು ಗ್ಯಾಸ್ ತುಂಬಿದ್ದರೆ ಆವಿಯಾಗದ ದ್ರವ ಕಂಪ್ರೆಸರಿಗೆ ನುಗ್ಗಿ ಅದನ್ನೇ ಕೆಡಿಸಬಹುದಿತ್ತು. ಆ ಯೋಚನೆಗೆ ನನ್ನ ಕೈ ನಡುಗಿತು.

ಫಿಲ್ಟರ್ ತೊಳೆದೆ. ಬರೀ ಫ್ಯಾನ್ ಓಡಿಸಿ ಮಂಜುಗಡ್ಡೆ ಕರಗಿಸಿ, ಮತ್ತೆ ಕಂಪ್ರೆಸರ್ ಚಾಲೂ ಮಾಡಿದೆ. ಗೇಜಿನ ಮುಳ್ಳು ನಿಧಾನವಾಗಿ ಏರಿ 116ರಲ್ಲಿ ನಿಂತಿತು. ಸಿಲಿಂಡರನ್ನು ತೆರೆಯದೆಯೇ ವಾಪಸ್ ಗಾಡಿಗೆ ಇಟ್ಟೆ.