ಎರೆ ನೆಲದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಅಳತೆಯ ಮಹಿಳಾ ವಾಲಿಬಾಲ್ ಅಂಕಣ

1952ರಲ್ಲಿ ಮಾಸ್ಕೋದಲ್ಲಿ ಮೊದಲ ಬಾರಿ ನಡೆದ, 2025ರಲ್ಲಿ ಥಾಯ್ಲೆಂಡಿನಲ್ಲಿ 32 ತಂಡಗಳು ಸೆಣಸಿ ಇಟಲಿ ಗೆದ್ದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನ ಅಂಕಣದ ಅಳತೆಯನ್ನೇ ಕಲಬುರಗಿ ಜಿಲ್ಲೆಯ ಶಾಲಾ ಮೈದಾನದಲ್ಲೂ ಮೂಡಿಸಬಹುದು.

ಇಲ್ಲಿನ ದೊಡ್ಡ ತೊಡಕು ಮಣ್ಣಿನದು. ಎರೆ ನೆಲ ಮಳೆಗಾಲದಲ್ಲಿ ಉಬ್ಬಿ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಆಟಗಾರ್ತಿಯರ ಪಾದ ಉಳುಕಿಸುತ್ತದೆ; ಆದ್ದರಿಂದ ಮೇಲ್ಪದರವನ್ನು ತೆಗೆದು, ಗರಸು ಹರಡಿ, ನೀರು ಚಿಮುಕಿಸಿ ರೋಲರ್ ಎಳೆಯಬೇಕು. ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯದಂತೆ ಅಂಕಣದ ಉದ್ದವನ್ನು ಉತ್ತರ-ದಕ್ಷಿಣಕ್ಕೆ ಇಡಿ.

ಉದ್ದ 18 ಮೀಟರ್, ಅಗಲ 9 ಮೀಟರ್. 5 ಸೆಂಟಿಮೀಟರ್ ಅಗಲದ ಗೆರೆಗಳು ಈ ಅಳತೆಯೊಳಗೇ ಸೇರುತ್ತವೆ. ಮೂಲೆಯಿಂದ ಮೂಲೆಗೆ ಹಿಡಿದ ಎರಡೂ ಹಗ್ಗಗಳು ಸುಮಾರು 20.12 ಮೀಟರ್ ಬಂದರೆ ಅಂಕಣ ಸೊಟ್ಟಗಿಲ್ಲ ಎಂದರ್ಥ. ನಡುಗೆರೆಯಿಂದ ಎರಡೂ ಕಡೆ 3 ಮೀಟರಿಗೆ ದಾಳಿ ಗೆರೆ (ಮುಂಸಾಲು-ಹಿಂಸಾಲುಗಳ ಜಾಗ ಬೇರ್ಪಡಿಸುವ ಗೆರೆ) ಎಳೆದು, ಸುತ್ತಲೂ ಕನಿಷ್ಠ 3 ಮೀಟರ್ ಬಯಲು ಬಿಡಿ.

ಬಲೆಯ ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ. ಹುಡುಗರ ಆಟಕ್ಕೆಂದು 2.43 ಮೀಟರಿಗೆ ಕಟ್ಟಿದ ಬಲೆಯಲ್ಲೇ ಹುಡುಗಿಯರನ್ನೂ ಆಡಿಸುವ ರೂಢಿ ನನಗಂತೂ ಅನ್ಯಾಯವೆನಿಸುತ್ತದೆ, ಏಕೆಂದರೆ ಮಹಿಳೆಯರಿಗೆ ನಿಯಮ ಹೇಳುವ ಎತ್ತರ 2.24 ಮೀಟರ್. ಇದನ್ನು ಅಂಕಣದ ನಡುವೆ ಅಳೆಯಬೇಕು. ಪಕ್ಕದ ಗೆರೆಗಳ ಮೇಲೆ ಬಲೆಯ ಎತ್ತರ ಎರಡೂ ಬದಿ ಸಮವಾಗಿದ್ದು, ನಿಯಮದ ಎತ್ತರಕ್ಕಿಂತ 2 ಸೆಂಟಿಮೀಟರಿಗೂ ಹೆಚ್ಚು ಏರಿರಬಾರದು. ಬಲೆ ಬಿಸಿಲಿಗೆ ಸಡಿಲವಾಗುವುದರಿಂದ ಪ್ರತಿ ಪಂದ್ಯಕ್ಕೂ ಮುನ್ನ ಮತ್ತೊಮ್ಮೆ ಅಳೆಯಿರಿ.

ಚೆಂಡಿನ ತೂಕ 260ರಿಂದ 280 ಗ್ರಾಂ ಇರಲಿ.