ಮನೆ ಹುಂಜ, ಮನೆ ಹೇಂಟೆ: ನೆಂಟಸ್ತನ ಎಷ್ಟು ಹತ್ತಿರ ಇರಬೇಕು?

‘ಮೂರು ವರ್ಷದಿಂದ ಇದೇ ಹುಂಜ. ಮೈಕಟ್ಟು ನೋಡಿ ಹೆಂಗಿದೆ!’ ಎನ್ನುವವರ ಮನೆಯಲ್ಲಿ ಹನ್ನೆರಡು ಮೊಟ್ಟೆ ಕಾವಿಗಿಟ್ಟರೆ ಐದು ಮರಿ ಏಳುವುದನ್ನು ನೋಡಿದ್ದೇನೆ. ಬೈಗುಳ ಮಾತ್ರ ಕಾವು ಕೂತ ಹೇಂಟೆಗೆ. ಹುಂಜ ಮಗಳನ್ನೂ ಮೊಮ್ಮಗಳನ್ನೂ ಕೂಡಿದೆ ಎಂಬುದು ಯಾರಿಗೂ ನೆನಪಿಲ್ಲ.

ಅಪ್ಪ–ಮಗಳು, ಅಣ್ಣ–ತಂಗಿ ಜೋಡಿಯ ಮರಿಗಳಲ್ಲಿ ಒಳಸಂಬಂಧದ ಲೆಕ್ಕ, ಅಂದರೆ ಒಂದೇ ಹಿರಿಯರ ಒಂದೇ ಗುಣಾಂಶ ತಂದೆ–ತಾಯಿ ಇಬ್ಬರಿಂದಲೂ ಬರುವ ಸಾಧ್ಯತೆ, ಶೇ 25. ಸೋದರಮಾವ–ಸೊಸೆ ಆದರೆ ಶೇ 12.5. ಒಂದು ಒಳ್ಳೆ ಹುಂಜದ ಗುಣ ಉಳಿಸಲು ಲೆಕ್ಕ ಇಟ್ಟುಕೊಂಡು ಹತ್ತಿರದವನ್ನು ಕೂಡಿಸಿದರೆ ಅದು ಲೈನ್ ಬ್ರೀಡಿಂಗ್. ಲೆಕ್ಕ ಇಲ್ಲದಿದ್ದರೆ ಸುಮ್ನೆ ರಕ್ತ ಕೆಡಿಸಿದ ಹಾಗೆ. ಅಪ್ಪ–ಮಗಳು ಜೋಡಿ ಒಂದೇ ಸಲ ಸಾಕು, ಆ ಮರಿಗಳಲ್ಲೇ ಅಪ್ಪನ ಪಾಲು ಮುಕ್ಕಾಲು ಇರುತ್ತದೆ.

1. ಆಯ್ಕೆ: ನೇರ ಕಾಲು, ಚುರುಕು ಕಣ್ಣು, ಚೆನ್ನಾಗಿ ಮೊಟ್ಟೆ ಇಡುವ ತಾಯಿಯ ಮಗ. ಗಿರಿರಾಜ ಬೇಡ. ಅದು ಮಿಶ್ರತಳಿ ಕೋಳಿ, ಮರಿಗಳು ಒಂದೊಂದು ಒಂದೊಂದು ಥರ ಬರುತ್ತವೆ.

2. ಗುರುತು: ಎಲ್ಲರೂ ಎಡವುವುದು ಇಲ್ಲೇ. ‘ನೋಡಿದ್ರೆ ಗೊತ್ತಾಗುತ್ತೆ’ ಅಂತಾರೆ. ಎರಡು ತಿಂಗಳಿಗೆ ಏನೂ ಗೊತ್ತಾಗುವುದಿಲ್ಲ. ಗುರುತು ಮೊಟ್ಟೆಯಿಂದಲೇ ಶುರುವಾಗಬೇಕು. ಹೇಂಟೆ ಬುಟ್ಟಿಯಿಂದ ಇಳಿದ ಕೂಡಲೇ ಮೊಟ್ಟೆ ಮೇಲೆ ಅದರ ಗುರುತನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಕಾವು ಕೂತ ಒಂದು ಹೇಂಟೆಯ ಕೆಳಗೆ ಒಬ್ಬಳೇ ತಾಯಿಯ ಮೊಟ್ಟೆ ಇಡಿ. ಆಗ 21ನೇ ದಿನ ಯಾವ ಮರಿ ಯಾರದು ಎಂಬ ಪ್ರಶ್ನೆಯೇ ಇಲ್ಲ. ಮರಿ ಎದ್ದ ಮರುದಿನವೇ ಕಾಲ್ಬೆರಳ ಸಂದಿಯ ಚರ್ಮಕ್ಕೆ ಪಂಚ್‌ನಿಂದ ಸಣ್ಣ ತೂತು ಹಾಕಿ. ಎರಡು ಕಾಲಿಗೆ ಸೇರಿ ನಾಲ್ಕು ಸಂದಿ, ಯಾವುದಕ್ಕೆ ತೂತು ಇದೆ, ಯಾವುದಕ್ಕೆ ಇಲ್ಲ ಎಂಬ ಲೆಕ್ಕದಲ್ಲಿ ಒಟ್ಟು 16 ಗುರುತು ಸಿಗುತ್ತವೆ. ಕತ್ತರಿಸಿದ ಚರ್ಮದ ಚೂರು ಪೂರ್ತಿ ಉದುರಬೇಕು, ಅಂಟಿಕೊಂಡಿದ್ದರೆ ತೂತು ಮುಚ್ಚಿಹೋಗುತ್ತದೆ. ಅಗ್ಗದ ಪ್ಲಾಸ್ಟಿಕ್ ಉಂಗುರ ನಂಬಬೇಡಿ. ಬಿಸಿಲಿಗೆ ಮುರಿಯುತ್ತದೆ, ಇಲ್ಲವೇ ಬೆಳೆಯುವ ಕಾಲನ್ನು ಬಿಗಿಯುತ್ತದೆ. ಗುರುತನ್ನು ನೋಟ್‌ಬುಕ್‌ಗೆ ಹತ್ತಿಸಿ. ಮೊಬೈಲ್ ಸಾಕು ಅಂತಿದ್ದ ನಾನು ಮೊಬೈಲ್ ಜೊತೆಗೆ ಎರಡು ವರ್ಷದ ಲೆಕ್ಕವನ್ನೂ ಕಳೆದುಕೊಂಡಿದ್ದೇನೆ.

3. ಮೂರು ಗುಂಪು: ಕೆಂಪು, ಹಳದಿ, ನೀಲಿ ಅಂದುಕೊಳ್ಳಿ. ಹೆಣ್ಣುಮರಿ ತಾಯಿಯ ಗುಂಪಿನಲ್ಲೇ ಉಳಿಯಲಿ. ಗಂಡುಮರಿ ಪಕ್ಕದ ಗುಂಪಿಗೆ ಹೋಗಲಿ: ಕೆಂಪಿನದು ಹಳದಿಗೆ, ಹಳದಿಯದು ನೀಲಿಗೆ, ನೀಲಿಯದು ಕೆಂಪಿಗೆ. ಹಳೇ ಹುಂಜವನ್ನು ಪ್ರತಿ ವರ್ಷ ತೆಗೆಯಿರಿ, ಇಲ್ಲದಿದ್ದರೆ ಮಗಳ ಮೇಲೇ ಹತ್ತುತ್ತದೆ.

4. ಕಾಯಿರಿ: ಹುಂಜ ಬದಲಿಸಿದ ಮರುದಿನವೇ ಮೊಟ್ಟೆ ಕಾವಿಗಿಟ್ಟರೆ ಮರಿ ಹಳೇ ಹುಂಜದ್ದೇ ಆಗಬಹುದು. ಹೇಂಟೆಯ ಹೊಟ್ಟೆಯಲ್ಲಿ ವೀರ್ಯ ಎರಡು ವಾರಕ್ಕೂ ಜಾಸ್ತಿ ಉಳಿಯುತ್ತದೆ. ಹುಂಜ ಬದಲಿಸಿದ ಮೇಲೆ ಮೂರು ವಾರ ಇಟ್ಟ ಮೊಟ್ಟೆಗಳನ್ನು ತಿಂದು ಮುಗಿಸಿ.

ಸೊಟ್ಟ ಕೊಕ್ಕು, ಡೊಂಕು ಬೆರಳಿನ ಮರಿ ಬಂದರೆ ಅದನ್ನಷ್ಟೇ ಅಲ್ಲ, ಆ ಜೋಡಿಯನ್ನೂ ತಳಿಯಿಂದ ಹೊರಗಿಡಿ. ಸಾರಿಗೆ ಆದೀತು. ಮೊಟ್ಟೆಯಿಂದ ಮರಿ ಏಳುವುದು ಕಮ್ಮಿಯಾದರೆ ಹೊಸ ರಕ್ತ ಬೇಕಾಗಿರಬಹುದು. ಆಗ ಪಕ್ಕದ ಮನೆಯ ಹುಂಜ ತರುವ ಮುನ್ನ ಒಂದು ಮಾತು ಕೇಳಿ: ‘ಇದರ ತಾಯಿ ಎಲ್ಲಿಂದ ಬಂತು?’ ನಾನು ಕೇಳಿದಾಗ ಅವರು ನಕ್ಕರು. ಹೋದ ಯುಗಾದಿಗೆ ನಾನೇ ಕೊಟ್ಟಿದ್ದೆ.