ಕೆಸರಿನಲ್ಲಿ ಉಳಿದ ಕಾಡು: ಪರಾಗ ಎಣಿಸುವುದು ಹೇಗೆ?

ಒಂದು ಜಾಗದಲ್ಲಿ ಹಿಂದೆ ಯಾವ ಗಿಡಮರಗಳಿದ್ದವು, ಬೇಸಾಯ ಬಂತೇ ಎಂಬುದನ್ನು ಕೆಸರಿನ ಪದರಗಳಲ್ಲಿ ಉಳಿದ ಪರಾಗ ಎಣಿಸಿ ತಿಳಿಯಬಹುದು. ಪರಾಗರೇಣುವಿನ ಹೊರಕವಚ ಬಲು ಗಟ್ಟಿ. ಗಾಳಿಯಾಡದ ಕೆಸರಿನಲ್ಲಿ ಸಾವಿರಾರು ವರ್ಷ ಕೊಳೆಯದು. ಹಾಗಾಗಿ ಅರ್ಧ ಕೆಲಸ ಸರಿಯಾದ ಕೆಸರು ಹುಡುಕುವುದರಲ್ಲೇ ಇದೆ. ಸದಾ ತೇವವಿರುವ ಜೌಗು ಒಳ್ಳೆಯದು. ದೊಡ್ಡ ಸರೋವರಕ್ಕೆ ಹತ್ತಾರು ಕಿಲೋಮೀಟರ್ ದೂರದ ಪರಾಗವೂ ಬಂದು ಬೀಳುತ್ತದೆ. ಹಳ್ಳಿಯೊಂದರ ಸುತ್ತಲಿನ ಚಿತ್ರ ಬೇಕಿದ್ದರೆ ಸಣ್ಣ ಗುಂಡಿಯೇ ಮೇಲು. ನಮ್ಮ ಬಯಲುಸೀಮೆಯ ಕೆರೆಗಳು ಕೈಕೊಡುತ್ತವೆ. ಬೇಸಿಗೆಯಲ್ಲಿ ತಳ ಬಿರಿದು ಗಾಳಿ ತಾಗುತ್ತದೆ. ಗೋಡು ಹೊಲಕ್ಕೆ ಹೋಗಿದ್ದರೆ ಆ ಕಾಲದ ಪದರವೇ ಇರುವುದಿಲ್ಲ. ಬಳ್ಳಾರಿ ಕಡೆಯ ನವಶಿಲಾಯುಗದ ಬೂದಿದಿಬ್ಬಗಳಂಥ ಒಣ ನೆಲೆಯಲ್ಲಿ ಪರಾಗಕ್ಕಿಂತ ಸುಟ್ಟ ಕಾಳುಗಳನ್ನು ನಂಬುವುದು ಲೇಸು.

ಜೌಗಿಗೆ ರಷ್ಯನ್ ಕೋರರ್ (ಕೆಸರನ್ನು ಪದರ ಕೆಡದಂತೆ ಉದ್ದುದ್ದ ತುಂಡಾಗಿ ತೆಗೆಯುವ ಸಾಧನ) ಇಳಿಸಿ 50 ಸೆಂ.ಮೀ. ಉದ್ದದ ತುಂಡುಗಳನ್ನು ತೆಗೆಯಿರಿ. ಕೋರರ್‌ನ ಮೂತಿ ಕೆಳಗಿನ ಪದರವನ್ನು ಕಲಕುವುದರಿಂದ ಪಕ್ಕದಲ್ಲೇ ಎರಡನೇ ರಂಧ್ರ ಕೊರೆದು, ಎರಡರಿಂದಲೂ ಒಂದು ಬಿಟ್ಟು ಒಂದರಂತೆ, ತುದಿಗಳು ಒಂದರ ಮೇಲೊಂದು ಬರುವ ಹಾಗೆ ತುಂಡು ತೆಗೆಯಬೇಕು. ಮೇಲು ತುದಿ ಯಾವುದೆಂದು ಅಲ್ಲೇ ಗುರುತು ಹಾಕಿ. ಇದನ್ನು ಮರೆತರೆ ಮುಂದಿನ ಶ್ರಮವೆಲ್ಲ ನೀರುಪಾಲು.

ಪ್ರಯೋಗಾಲಯದಲ್ಲಿ ತುಂಡಿನ ಮೇಲ್ಮೈ ಕೆರೆದು, ಒಳಗಿನಿಂದ 1 ಘನ ಸೆಂ.ಮೀ. ಮಣ್ಣು ತೆಗೆದುಕೊಳ್ಳಿ. ಅದಕ್ಕೆ ಲೈಕೊಪೋಡಿಯಂ ಎಂಬ ಹೂಬಿಡದ ಸಸ್ಯದ ಬೀಜಕಗಳ ಮಾತ್ರೆ ಸೇರಿಸಿ. ಅದರಲ್ಲಿರುವ ಬೀಜಕಗಳ ಸಂಖ್ಯೆ ಮೊದಲೇ ಗೊತ್ತಿರುತ್ತದೆ. ಶೇ 10ರ ಹೈಡ್ರೋಕ್ಲೋರಿಕ್ ಆಮ್ಲ ಮಾತ್ರೆಯನ್ನೂ ಸುಣ್ಣವನ್ನೂ ಕರಗಿಸುತ್ತದೆ. ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿ ಮಾಡಿದರೆ ಜೌಗಿನ ಕಪ್ಪು ಬಣ್ಣ ಹೋಗುತ್ತದೆ. ನಂತರ ಸುಮಾರು 150 ಮೈಕ್ರಾನ್ ಜರಡಿ ಹಿಡಿಯಿರಿ. ಮರಳಿದ್ದರೆ ಅದನ್ನು ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕಾಗುತ್ತದೆ. ಇದು ಚರ್ಮ ದಾಟಿ ಮೂಳೆಗೂ ಇಳಿಯುವ ವಿಷ. ತರಬೇತಿ, ಹೊಗೆಗೂಡು (ವಿಷಾನಿಲವನ್ನು ಹೊರಗೆಳೆಯುವ ಕಪಾಟು), ಈ ಆಮ್ಲ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಬಾಟಲಿ ಮುಟ್ಟಬೇಡಿ.

ಕೊನೆಯದು ಅಸಿಟಾಲಿಸಿಸ್, ಅಂದರೆ ಉಳಿದ ಸಸ್ಯನಾರನ್ನು (ಸೆಲ್ಯುಲೋಸ್) ಆಮ್ಲದಲ್ಲಿ ಕರಗಿಸುವುದು: 9 ಪಾಲು ಅಸಿಟಿಕ್ ಅನ್‌ಹೈಡ್ರೈಡ್‌ಗೆ 1 ಪಾಲು ಗಂಧಕಾಮ್ಲವನ್ನು ನಿಧಾನ ಸುರಿದು, ಮಾದರಿಯನ್ನು ಆ ಮಿಶ್ರಣದೊಂದಿಗೆ ಬಿಸಿನೀರ ತೊಟ್ಟಿಯಲ್ಲಿಟ್ಟು ಸುಮಾರು 3 ನಿಮಿಷ ಕಾಯಿಸುವುದು. ಇದಕ್ಕೂ ಮೊದಲು ಶುದ್ಧ ಅಸಿಟಿಕ್ ಆಮ್ಲದಲ್ಲಿ ತೊಳೆದು ನೀರಿನಂಶ ತೆಗೆಯಲೇಬೇಕು. ಹನಿ ನೀರು ಉಳಿದರೂ ಮಿಶ್ರಣ ಕೊತಕೊತ ಕುದಿದು ಸಿಡಿಯುತ್ತದೆ. ಹೊತ್ತು ಮೀರಿದರೆ ರೇಣು ಕಪ್ಪಾಗಿ ಗುರುತು ಸಿಗದು.

ಸಿಲಿಕೋನ್ ಎಣ್ಣೆಯಲ್ಲಿಟ್ಟರೆ ಗಾಜನ್ನು ಮೆಲ್ಲಗೆ ಒತ್ತಿ ರೇಣುವನ್ನು ಹೊರಳಿಸಿ ನೋಡಬಹುದು. 400 ಪಟ್ಟು ಹಿಗ್ಗಿಸಿ, 300ರಿಂದ 500 ರೇಣು ಎಣಿಸಿ. 20,000 ಬೀಜಕ ಸೇರಿಸಿದ್ದೀರಿ, 100 ಬೀಜಕಕ್ಕೆ 400 ಪರಾಗ ಕಂಡಿತು ಎನ್ನಿ: ಆ ಘನ ಸೆಂ.ಮೀ.ನಲ್ಲಿ 80,000 ಪರಾಗ.

ಈ ಲೆಕ್ಕ ಏಕೆಂದರೆ ಶೇಕಡಾವಾರು ಅಂಕಿ ಮೋಸ ಮಾಡುತ್ತದೆ. ಹುಲ್ಲಿನ ಪರಾಗ ಹೆಚ್ಚಾದರೆ ಒಂದು ಮರವೂ ಉರುಳದಿದ್ದರೂ ಮರಗಳ ಪಾಲು ಕುಸಿದಂತೆ ಕಾಣುತ್ತದೆ. ಪೈನ್ ಗಾಳಿಗೆ ರಾಶಿ ರಾಶಿ ಪರಾಗ ತೂರುತ್ತದೆ. ದುಂಬಿ ನಂಬಿದ ಮರ ಜಿಪುಣ. ಭತ್ತದ ಪರಾಗವನ್ನು ಕಾಡುಹುಲ್ಲಿನದರಿಂದ ಬೇರ್ಪಡಿಸುವುದಂತೂ ಪರಿಣತರಿಗೂ ಕಷ್ಟ.

ಆದ್ದರಿಂದ ಪರಾಗದ ನಕ್ಷೆಯಲ್ಲಿ ಒಂದೇ ಗೆರೆ ನೋಡಿ ಬೇಸಾಯ ಎನ್ನಬೇಡಿ. ಡೆನ್ಮಾರ್ಕಿನ ಪರಾಗತಜ್ಞ ಯೋಹಾನೆಸ್ ಈವರ್ಸನ್ 1941ರಲ್ಲಿ ನವಶಿಲಾಯುಗದ ರೈತರು ಕಾಡು ಕಡಿದದ್ದನ್ನು ಗುರುತಿಸಿದ್ದು ಬದಲಾವಣೆಗಳ ಸರಣಿಯಿಂದ: ಕಾಡುಮರಗಳ ಪರಾಗ ಇಳಿಯಿತು, ಹುಲ್ಲು ಮತ್ತು ಹುಲ್ಲುಗಾವಲಿನ ಕಳೆಯಾದ ಪ್ಲಾಂಟೇಗೊ ಏರಿದವು, ಆಮೇಲೆ ಬರ್ಚ್ ಮತ್ತು ಹೇಝಲ್ ಮರಗಳು ಮರುಚಿಗುರಿದವು.